ಸಂಜೆ ಐದರ ಟಿಕೆಟ್ ಅಗ್ಗ, ಆದರೆ ಮಗುವಿಗಲ್ಲ

ಪ್ರಶ್ನೆ: ನಾವು ಟೋಕಿಯೋದ ನಿಶಿ ಕಸಾಯ್‌ನಲ್ಲಿದ್ದೇವೆ. ಊರು ದಾವಣಗೆರೆ. ನವೆಂಬರ್‌ನಲ್ಲಿ ಅತ್ತೆ, ಮಾವ ಬರ್ತಿದ್ದಾರೆ. ಮಗನಿಗೆ 8 ವರ್ಷ, ಮಗಳಿಗೆ 3. ಅತ್ತೆ ಯಾರದೋ ಮೊಬೈಲಿನಲ್ಲಿ ಡಿಸ್ನಿಲ್ಯಾಂಡಿನ ದೀಪದ ಮೆರವಣಿಗೆ ನೋಡಿ, "ಅದೊಂದು ತೋರಿಸಿಬಿಡಮ್ಮ, ಬೇರೇನೂ ಬೇಡ" ಅಂದಿದ್ದಾರೆ. ಅವರಿಗೆ ಮಂಡಿನೋವು. ಮಗನಿಗೆ ಬೇಮ್ಯಾಕ್ಸ್ ಮತ್ತು ಬಿಗ್ ಥಂಡರ್ ಮೌಂಟನ್ ರೈಡ್‌ಗಳು ಬೇಕೇ ಬೇಕು. ಎಲ್ಲರಿಗೂ ಪೂರ್ತಿ ದಿನದ ಟಿಕೆಟ್ ಅಂದ್ರೆ ಕೈ ನಡುಗುತ್ತೆ. ವಾರದ ದಿನ ಸಂಜೆ 5ರ ನಂತರದ ಟಿಕೆಟ್ ಅಗ್ಗಕ್ಕಿದೆಯಂತೆ. ಒಬ್ಬ ಗೆಳತಿ "ಸುಮ್ನೆ ತಗೋ, ಸಂಜೆ ಪಾರ್ಕ್ ಖಾಲಿ" ಅಂತಾಳೆ. ಇನ್ನೊಬ್ಬರು "ಆ ಟಿಕೆಟ್‌ಗೆ ಎಲ್ಲ ರೈಡ್‌ಗೂ ಬಿಡಲ್ಲ, ದಂಡ" ಅಂತಾರೆ. ದುಡ್ಡು ಉಳಿಸೋಕೆ ಹೋಗಿ ಅಷ್ಟು ದೂರದಿಂದ ಬಂದವರಿಗೆ ಅರೆಬರೆ ತೋರಿಸಿದ ಹಾಗಾಗಬಾರದು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಸಂಜೆ ಟಿಕೆಟ್ ಕೊಟ್ಟ ದುಡ್ಡಿಗೆ ತಕ್ಕದ್ದಾ ಅನ್ನೋದು ಒಂದು. ಅಗ್ಗದ ಟಿಕೆಟ್ ಕೊಂಡರೆ ಹಿರಿಯರಿಗೆ ಕಡಿಮೆ ಮಾಡಿದ ಹಾಗಾಗುತ್ತಾ ಅನ್ನೋ ಅಳುಕು ಇನ್ನೊಂದು. ಮೊದಲನೆಯದಕ್ಕೆ ಲೆಕ್ಕ ಹಾಕಬಹುದು. ಎರಡನೆಯದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನ್ನಿಸಿತು, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಮೈಸೂರು ದಸರಾಕ್ಕೆ ಹೋದವರಲ್ಲಿ ಹಗಲು ಜಂಬೂಸವಾರಿ ಬಿಟ್ಟು, ಸಂಜೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಮಾತ್ರ ನೋಡಿ ಬರುವವರಿದ್ದಾರೆ. ಅವರು ದಸರಾ ಪೂರ್ತಿ ನೋಡಿದರು ಅನ್ನೋಕಾಗಲ್ಲ. ಆದರೆ ನೋಡಿದ್ದು ಅರೆಬರೆಯೂ ಅಲ್ಲ. ಪಂಜಿನ ಕವಾಯತು ಅದರಷ್ಟಕ್ಕೆ ಅದು ಪೂರ್ತಿ. ಟೋಕಿಯೋ ಡಿಸ್ನಿಲ್ಯಾಂಡಿನ ಸಂಜೆಯೂ ಹಾಗೇ. ನಿಮ್ಮ ಅತ್ತೆ ಕೇಳಿದ್ದು ದೀಪದ ಮೆರವಣಿಗೆ. ಅದು ನಡೆಯುವುದೇ ರಾತ್ರಿ. ಬೆಳಿಗ್ಗೆ ಒಂಬತ್ತಕ್ಕೆ ಕರೆದುಕೊಂಡು ಹೋಗಿ ಹತ್ತು ಗಂಟೆ ಓಡಾಡಿಸಿ, ಮೆರವಣಿಗೆ ಬರುವ ಹೊತ್ತಿಗೆ ಅವರು ಮಂಡಿ ಹಿಡಿದುಕೊಂಡು "ಮನೆಗೆ ಹೋಗೋಣ" ಅನ್ನುವ ಹಾಗಾದರೆ, ಅದು ನಿಜವಾಗಿ ಅರೆಬರೆ. ಆ ಅಳುಕನ್ನು ಇಲ್ಲಿಗೇ ಬಿಡಿ.

ನಾನು ಹದಿನಾಲ್ಕು ವರ್ಷ ನಮ್ಮೂರ ಪಾರ್ಕ್‌ಗಳಲ್ಲಿ ರೈಡ್ ನಡೆಸುವ ವಿಭಾಗದಲ್ಲಿದ್ದೆ. ಈಗ ಜಪಾನಿಗೆ ಹೋಗುವ ಕನ್ನಡದ ಕುಟುಂಬಗಳಿಗೆ ಪ್ರವಾಸದ ಯೋಜನೆ ಮಾಡಿಕೊಡುತ್ತೇನೆ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ನಮ್ಮಲ್ಲಿ ಸಂಜೆ ಟಿಕೆಟ್ ಅನ್ನೋದು ಅಷ್ಟು ರೂಢಿಯಿಲ್ಲ. ಬಿಡದಿಯ ವಂಡರ್‌ಲಾ ಆಗಲಿ ಮೈಸೂರಿನ ಜಿಆರ್‌ಎಸ್ ಆಗಲಿ ಹಗಲಿನ ಪಾರ್ಕುಗಳು. ಹೊತ್ತು ಮುಳುಗುವಾಗ ಜನ ಬಟ್ಟೆ ಬದಲಾಯಿಸಿ ಬಸ್ ಹತ್ತುತ್ತಿರುತ್ತಾರೆ. ಅದಕ್ಕೇ ಸಂಜೆ ಟಿಕೆಟ್ ಅಂದ ಕೂಡಲೇ ನಮ್ಮವರಿಗೆ ಉಳಿದ ಮಾಲು, ಸಂತೆ ಮುಗಿಯೋ ಹೊತ್ತಿನ ಸೊಪ್ಪು ಅನ್ನಿಸುವುದು ಸಹಜ. ಟೋಕಿಯೋದಲ್ಲಿ ಹಾಗಲ್ಲ. ಬಹುತೇಕ ದಿನ ಪಾರ್ಕ್ ರಾತ್ರಿ 9ರವರೆಗೆ ತೆರೆದಿರುತ್ತದೆ, ದಿನದ ದೊಡ್ಡ ಆಕರ್ಷಣೆಯೇ ಕತ್ತಲಾದ ಮೇಲೆ.

ಈಗ ನಿಮ್ಮ ಇಬ್ಬರು ಗೆಳತಿಯರ ಮಾತು ನೋಡೋಣ.

"ಎಲ್ಲ ರೈಡ್‌ಗೂ ಬಿಡಲ್ಲ" ಅನ್ನೋದು ತಪ್ಪು. ಸಂಜೆ ಟಿಕೆಟ್‌ನವರಿಗೂ ಪೂರ್ತಿ ದಿನದವರಿಗೂ ಒಳಗೆ ಒಂದೇ ಹಕ್ಕು, ಒಂದೇ ಸಾಲು. ಆದರೆ ಆ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಕೆಲವು ಸಂಗತಿಗಳು ಸಂಜೆ ಐದಕ್ಕೆ ಮುಗಿದೇ ಹೋಗಿರುತ್ತವೆ. 2023ರಲ್ಲಿ ಶುರುವಾದ ಹಗಲಿನ ಮೆರವಣಿಗೆ ಮಧ್ಯಾಹ್ನವೇ ಆಗಿಹೋಗುತ್ತದೆ. ಟಾಮ್ ಸಾಯರ್ ದ್ವೀಪಕ್ಕೆ ಹೋಗುವ ತೆಪ್ಪ ಕತ್ತಲಾಗುವ ಮೊದಲೇ ನಿಲ್ಲುತ್ತದೆ. ಮಿಕ್ಕಿ, ಮಿನ್ನಿಯ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುವ ಜಾಗಗಳಲ್ಲಿ ಹಲವು ಬೇಗ ಮುಚ್ಚುತ್ತವೆ. ಸ್ಪೇಸ್ ಮೌಂಟನ್ ರೈಡ್ ಅಂತೂ 2024ರ ಜುಲೈ ಕೊನೆಗೆ ಮುಚ್ಚಿದೆ. ಹೊಸದಾಗಿ ಕಟ್ಟಿ 2027ರಲ್ಲಿ ತೆರೆಯುವ ಯೋಜನೆ, ಅದಕ್ಕೂ ಟಿಕೆಟ್‌ಗೂ ಸಂಬಂಧ ಇಲ್ಲ. ಇನ್ನೊಂದು ಕಡೆ, ರಾತ್ರಿಯೇ ಚೆನ್ನಾಗಿರುವುದೂ ಇದೆ. ಜಂಗಲ್ ಕ್ರೂಸ್ ದೋಣಿ ಕತ್ತಲಾದ ಮೇಲೆ ಬೇರೆ ಬೆಳಕು, ಬೇರೆ ಸಂಗೀತದಲ್ಲಿ ಹೋಗುತ್ತದೆ. ಮಂಡಿನೋವಿನವರಿಗೂ ಕೂತು ನೋಡುವಂಥದ್ದು.

"ಸಂಜೆ ಪಾರ್ಕ್ ಖಾಲಿ" ಅನ್ನೋದು ಅರ್ಧ ನಿಜ, ಅರ್ಧ ಸುಳ್ಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಮಗನ ಆಸೆ ಇದರ ಮೇಲೇ ನಿಂತಿದೆ.

ರೈಡ್ ಒಂದರ ಸಾಲು ಎಷ್ಟು ಬೇಗ ಕರಗುತ್ತದೆ ಅನ್ನೋದು ಆ ರೈಡ್ ಗಂಟೆಗೆ ಎಷ್ಟು ಜನರನ್ನು ನುಂಗುತ್ತದೆ ಅನ್ನೋದರ ಮೇಲೆ ಹೋಗುತ್ತದೆ. ನಮ್ಮ ಕಸುಬಿನಲ್ಲಿ ಒಂದು ಗಾಡಿ ಬಿಟ್ಟು ಮುಂದಿನ ಗಾಡಿ ಬಿಡುವುದಕ್ಕೆ ಡಿಸ್ಪ್ಯಾಚ್ ಅನ್ನುತ್ತೇವೆ. ನಾನು ಕೆಲಸ ಮಾಡಿದ ಕಡೆ ಒಂದು ರೋಲರ್ ಕೋಸ್ಟರ್ ಇತ್ತು. ಗಾಡಿಗೆ 24 ಜನ. ಅವರು ಕೂರಬೇಕು, ಚಪ್ಪಲಿ, ಕನ್ನಡಕ ತೆಗೆದಿಡಬೇಕು, ನಾವು ಅವರನ್ನು ಹಿಡಿದಿಡುವ ಇಪ್ಪತ್ತನಾಲ್ಕೂ ಬಾರ್‌ಗಳನ್ನು ಒಂದೊಂದಾಗಿ ಕೆಳಗೊತ್ತಿ, ಮತ್ತೆ ಮೇಲಕ್ಕೆಳೆದು ನೋಡಬೇಕು. ಒಂದು ಬಾರ್ ಸಡಿಲ ಅನ್ನಿಸಿದರೆ ಮತ್ತೆ ಮೊದಲಿನಿಂದ. ಸಂಜೆ ಆಯಿತು, ಹೊರಗೆ ಸಾಲು ಉದ್ದ ಇದೆ ಅಂತ ಈ ಕೆಲಸ ಬೇಗ ಆಗುವುದಿಲ್ಲ, ಆಗಲೂಬಾರದು. ರೈಡ್ ಬೆಳಿಗ್ಗೆ ಎಷ್ಟು ಜನರನ್ನು ಸುತ್ತಿಸುತ್ತದೋ ರಾತ್ರಿಯೂ ಅಷ್ಟೇ. ಸಾಲು ಕರಗಬೇಕಾದರೆ ಹೊಸದಾಗಿ ಸೇರುವವರು ಕಡಿಮೆಯಾಗಬೇಕು, ಬೇರೆ ದಾರಿ ಇಲ್ಲ.

ಹೀಗಾಗಿ ಸಂಜೆ ಎಲ್ಲ ಸಾಲುಗಳೂ ಒಂದೇ ಥರ ಕರಗುವುದಿಲ್ಲ. ಹಾಂಟೆಡ್ ಮ್ಯಾನ್ಶನ್, ಪೈರೇಟ್ಸ್, ಸ್ಮಾಲ್ ವರ್ಲ್ಡ್ ಥರದ ರೈಡ್‌ಗಳು ನಿಲ್ಲದೆ ಓಡುವ ಸರಪಳಿ ಇದ್ದ ಹಾಗೆ. ಗಾಡಿ, ದೋಣಿ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ, ಜನ ಹತ್ತುತ್ತಲೇ ಇರುತ್ತಾರೆ. ಇವುಗಳ ಮುಂದೆ ಸಂಜೆ ಆರರ ಮೇಲೆ ಸಾಲು ಬೇಗ ಇಳಿಯುತ್ತದೆ. ಬೇಮ್ಯಾಕ್ಸ್ ಬೇರೆ ಜಾತಿ. ಸ್ವಲ್ಪ ಜನರನ್ನು ಕೂರಿಸಿ, ಸುತ್ತಿಸಿ, ನಿಲ್ಲಿಸಿ, ಇಳಿಸಿ, ಮತ್ತೆ ಕೂರಿಸಬೇಕು. ಒಂದು ಸಲಕ್ಕೆ ಹಿಡಿಸುವ ಜನ ಕಡಿಮೆ, ಬೇಕೆನ್ನುವವರು ಜಾಸ್ತಿ. ಅದರ ಸಾಲು ರಾತ್ರಿ ಎಂಟರವರೆಗೂ ಹಟ ಹಿಡಿದು ನಿಲ್ಲುತ್ತದೆ. ಬಿಗ್ ಥಂಡರ್ ಇವೆರಡರ ನಡುವಿನದು.

ಇನ್ನು ಕೊನೆಯ ಒಂದು ಗಂಟೆಯ ಗುಟ್ಟು. ದೀಪದ ಮೆರವಣಿಗೆ ಸುಮಾರು 45 ನಿಮಿಷ ನಡೆಯುತ್ತದೆ. ಆಗ ಪಾರ್ಕಿನ ದೊಡ್ಡ ಪಾಲು ಜನ ದಾರಿಯ ಪಕ್ಕ ಕೂತಿರುತ್ತಾರೆ, ರೈಡ್‌ಗಳ ಸಾಲು ಇಳಿಯುತ್ತದೆ. ಮೆರವಣಿಗೆ ಮುಗಿದ ಮೇಲೆ ಮಕ್ಕಳಿರುವವರು, ದೂರದ ಟ್ರೈನ್ ಹಿಡಿಯುವವರು ಹೊರಡುತ್ತಾರೆ. ಮುಚ್ಚುವ ಹೊತ್ತಿಗೆ ಮೊದಲು ಸಾಲಿನಲ್ಲಿ ನಿಂತವರನ್ನು ಸಾಮಾನ್ಯವಾಗಿ ರೈಡ್ ಹತ್ತಿಸಿಯೇ ಕಳಿಸುತ್ತಾರೆ. ಕೆಲವೊಮ್ಮೆ ಸಾಲು ತುಂಬಾ ಉದ್ದ ಇದ್ದರೆ ಸ್ವಲ್ಪ ಮೊದಲೇ ಸಾಲು ನಿಲ್ಲಿಸುವುದೂ ಉಂಟು. ಆದ್ದರಿಂದ ಎಂಟೂಕಾಲರಿಂದ ಎಂಟೂಮುಕ್ಕಾಲರ ನಡುವಿನ ಅರ್ಧ ಗಂಟೆ ಚಿನ್ನದಂಥದ್ದು. ಹಗಲು ಮೂರು ಗಂಟೆಗೆ ಇಡೀ ಒಂದು ಗಂಟೆ ನಿಂತರೂ ಸಿಗದ ರೈಡ್ ಆಗ ಸಿಗಬಹುದು.

ಈಗ ದುಡ್ಡಿನ ವಿಚಾರ. ಇಲ್ಲಿ ನೀವು ಗಮನಿಸದ ಒಂದು ವಿಷಯ ಇದೆ.

2023ರ ಅಕ್ಟೋಬರ್‌ನಲ್ಲಿ ಬಂದ ದರಪಟ್ಟಿಯ ಪ್ರಕಾರ ದೊಡ್ಡವರ ಒಂದು ದಿನದ ಟಿಕೆಟ್ ದಿನ ನೋಡಿಕೊಂಡು 7,900ರಿಂದ 10,900 ಯೆನ್. 4ರಿಂದ 11 ವರ್ಷದ ಮಕ್ಕಳಿಗೆ 4,700ರಿಂದ 5,600. ವಾರದ ದಿನ ಸಂಜೆ 5ರ ನಂತರದ ಟಿಕೆಟ್ 4,500ರಿಂದ 6,200. ಇದರಲ್ಲಿ ದೊಡ್ಡವರು, ಮಕ್ಕಳು ಅಂತ ಭೇದ ಇಲ್ಲ, ಎಲ್ಲರಿಗೂ ಒಂದೇ ದರ. ಅಂದರೆ ಅತಿ ಅಗ್ಗದ ದಿನ ನಿಮ್ಮ ಮಗನಿಗೆ ಇಡೀ ದಿನಕ್ಕೆ 4,700, ಸಂಜೆ 5ರಿಂದ 9ರವರೆಗಿನ ನಾಲ್ಕು ಗಂಟೆಗೆ 4,500. ವ್ಯತ್ಯಾಸ ಬರೀ 200 ಯೆನ್. ಪಟ್ಟಿಯ ಮೇಲಿನ ತುದಿಯಲ್ಲಂತೂ ಇಡೀ ದಿನಕ್ಕೆ 5,600, ಸಂಜೆಗೆ 6,200. ಮಗುವಿಗೆ ಸಂಜೆ ಟಿಕೆಟ್ ಇನ್ನೂ ದುಬಾರಿ! ಎಷ್ಟೋ ಜನ "ಎಲ್ಲರಿಗೂ ಸಂಜೆದೇ ಕೊಡಿ" ಅಂತ ಐದು ಒತ್ತಿ ಮುಂದೆ ಹೋಗಿಬಿಡುತ್ತಾರೆ, ಇದನ್ನು ನೋಡುವುದೇ ಇಲ್ಲ. ಮಗಳಿಗೆ ನಾಲ್ಕು ತುಂಬುವವರೆಗೆ ಟಿಕೆಟ್ ಬೇಡ.

ನಿಮ್ಮ ಮನೆಯ ಲೆಕ್ಕ ಹಾಕೋಣ. ನಾಲ್ಕು ಜನ ದೊಡ್ಡವರು, ಒಬ್ಬ ಮಗ. ಅತಿ ಅಗ್ಗದ ದಿನ ಎಲ್ಲರಿಗೂ ಪೂರ್ತಿ ದಿನದ ಟಿಕೆಟ್ ಕೊಂಡರೆ 36,300 ಯೆನ್. ಎಲ್ಲರಿಗೂ ಸಂಜೆಯದು ಕೊಂಡರೆ 22,500. ಉಳಿಯುವುದು 13,800. ಇದು ಸಣ್ಣ ಮೊತ್ತ ಅಲ್ಲ. ಆದರೆ ಗಂಟೆಯ ಲೆಕ್ಕದಲ್ಲಿ ನೋಡಿದರೆ ಚಿತ್ರ ಬೇರೆ. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಹನ್ನೆರಡು ಗಂಟೆಗೆ 7,900 ಅಂದರೆ ಗಂಟೆಗೆ ಸುಮಾರು 660 ಯೆನ್. ನಾಲ್ಕು ಗಂಟೆಗೆ 4,500 ಅಂದರೆ ಗಂಟೆಗೆ 1,125. ಒಟ್ಟು ಕಡಿಮೆ, ಬಿಡಿ ದರ ಜಾಸ್ತಿ. ಹೋಲ್‌ಸೇಲ್ ಅಂಗಡಿಯಲ್ಲಿ ಮೂಟೆ ಕೊಳ್ಳುವುದಕ್ಕೂ ಬೀದಿ ಅಂಗಡಿಯಲ್ಲಿ ಕಾಲು ಕೆಜಿ ಕಟ್ಟಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇದೇ. ಮನೆಗೆ ಬೇಕಾಗಿರುವುದು ಕಾಲು ಕೆಜಿಯೇ ಆದರೆ ಮೂಟೆ ತಂದು ಹುಳ ಹಿಡಿಸುವುದು ಲಾಭ ಅಲ್ಲ. ಅದೇ ನಿಮ್ಮ ಅತ್ತೆ, ಮಾವನ ಸಂಗತಿ. ನಿಮ್ಮ ಮಗನಿಗೆ ಬೇಕಾಗಿರುವುದು ಮೂಟೆ.

ಪಾರ್ಕಿನವರು ಯಾಕೆ ಇಂಥ ಟಿಕೆಟ್ ಮಾರುತ್ತಾರೆ ಅಂತ ತಿಳಿದರೆ ನಿರ್ಧಾರ ಸುಲಭ. ಸಂಜೆ ಐದಕ್ಕೆ ರೈಡ್‌ಗಳು ಓಡುತ್ತಿರುತ್ತವೆ, ಸಿಬ್ಬಂದಿ ಇರುತ್ತಾರೆ, ಅಡುಗೆಮನೆ ಉರಿಯುತ್ತಿರುತ್ತದೆ. ಬೆಳಿಗ್ಗೆ ಬಂದವರು ಹೊರಡಲು ಶುರು ಮಾಡುತ್ತಾರೆ. ಹೊಸಬರು ಬಂದರೆ ಅವರಿಗಾಗಿ ಆಗುವ ಹೆಚ್ಚಿನ ಖರ್ಚು ತೀರಾ ಕಡಿಮೆ. ಜೊತೆಗೆ ಬಂದವರು ಊಟ ಮಾಡುತ್ತಾರೆ, ಪಾಪ್‌ಕಾರ್ನ್ ಡಬ್ಬಿ ಕೊಳ್ಳುತ್ತಾರೆ, ಮಗುವಿಗೆ ಕಿವಿ ಇರುವ ಹೇರ್‌ಬ್ಯಾಂಡ್ ಕೊಡಿಸುತ್ತಾರೆ. ಈ ಪಾರ್ಕ್ ನಡೆಸುವ ಓರಿಯೆಂಟಲ್ ಲ್ಯಾಂಡ್ ಕಂಪನಿಯ ಲೆಕ್ಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಬ್ಬರು ಮಾಡುವ ಸರಾಸರಿ ಖರ್ಚು 16,000 ಯೆನ್ ದಾಟಿದೆ. ಅದರಲ್ಲಿ ಟಿಕೆಟ್ ಪಾಲು ಅರ್ಧದ ಆಸುಪಾಸು ಮಾತ್ರ, ಮಿಕ್ಕಿದ್ದು ಊಟ ಮತ್ತು ಅಂಗಡಿ. ಟಿಕೆಟ್‌ನಲ್ಲಿ ಉಳಿಸಿದ 13,800 ಯೆನ್ ಒಳಗೆ ಎರಡು ಗೊಂಬೆ, ಒಂದು ಊಟಕ್ಕೆ ಕರಗಿಹೋಗಬಹುದು. ಇದನ್ನು ಮೋಸ ಅಂತ ಹೇಳುತ್ತಿಲ್ಲ. ವ್ಯಾಪಾರ ಅದು. ನೀವು ಮೊದಲೇ ತಿಳಿದು ಹೋದರೆ ಸಾಕು.

ನಾಲ್ಕು ಗಂಟೆ ಹೇಗೆ ಹೋಗುತ್ತೆ ಅಂತ ಹೇಳುತ್ತೇನೆ, ಯಾಕೆಂದರೆ ಅದು ನಾಲ್ಕು ಗಂಟೆ ಆಗಿರುವುದೇ ಇಲ್ಲ. ನಾಲ್ಕೂವರೆಗೇ ಗೇಟಿನ ಮುಂದೆ ಸಂಜೆ ಟಿಕೆಟ್‌ನವರು ಸೇರುತ್ತಾರೆ. ಆಫೀಸಿನಿಂದ ನೇರ ಬಂದ ಕೋಟು, ಟೈನವರು, ಯೂನಿಫಾರ್ಮ್‌ನಲ್ಲೇ ಬಂದ ಹೈಸ್ಕೂಲ್ ಹುಡುಗಿಯರು. ಬ್ಯಾಗ್ ತಪಾಸಣೆ ಆಗಬೇಕು. ಐದಕ್ಕೆ ಬಿಡುತ್ತಾರೆ, ಸಾಲು ಸರಿದು ನೀವು ಒಳಗೆ ಕಾಲಿಡುವಾಗ ಐದೂಕಾಲು. ಅತ್ತೆಯವರನ್ನು ನಿಧಾನವಾಗಿ ನಡೆಸಿಕೊಂಡು, ಮೂರು ವರ್ಷದ ಮಗಳಿಗೆ ಟಾಯ್ಲೆಟ್ ಮುಗಿಸಿದರೆ ಐದೂವರೆ ಮೀರುತ್ತದೆ. ಒಂದೆರಡು ಸುಲಭದ ರೈಡ್. ಮೆರವಣಿಗೆ ಸಾಮಾನ್ಯವಾಗಿ ಏಳೂವರೆಯ ಆಸುಪಾಸು, ಜಾಗಕ್ಕೆ ಆರೂಮುಕ್ಕಾಲಿಗೆ ಹೋಗಬೇಕು. ಎಂಟೂಕಾಲಕ್ಕೆ ಏಳುತ್ತೀರಿ. ಒಟ್ಟು ನಾಲ್ಕು ರೈಡ್ ಆದರೆ ಚೆನ್ನಾಗಿ ಆಯಿತು ಅಂತ ತಿಳಿಯಿರಿ. ನಿಮ್ಮ ಮಗನ ಎರಡು ರೈಡ್ ಆ ನಾಲ್ಕರಲ್ಲಿ ಸೇರುತ್ತವೆ ಅನ್ನುವ ಖಾತರಿ ನಾನು ಕೊಡಲಾರೆ. ದುಡ್ಡು ಕೊಟ್ಟು ಸಾಲು ತಪ್ಪಿಸುವ ಪ್ರೀಮಿಯರ್ ಆಕ್ಸೆಸ್ ಇದೆ, ತಲೆಗೆ 1,500 ಯೆನ್‌ನಿಂದ ಮೇಲೆ. ಆದರೆ ಒಳಗೆ ಬಂದ ಮೇಲೇ ಕೊಳ್ಳಬೇಕು, ಜನಪ್ರಿಯವಾದವು ಐದು ಗಂಟೆಗೆ ಎಷ್ಟೋ ದಿನ ಮುಗಿದಿರುತ್ತವೆ.

ಇದೆಲ್ಲ ನೋಡಿ ನಾನು ನಿಮಗೆ ಹೇಳುವುದು, ಎಲ್ಲರಿಗೂ ಒಂದೇ ಟಿಕೆಟ್ ಬೇಡ. ಟಿಕೆಟ್ ಬೆರೆಸಿ.

ಮಗನಿಗೆ ಶಾಲೆ ಇಲ್ಲದ ಒಂದು ವಾರದ ದಿನ ಹುಡುಕಿ. ಇಂಡಿಯನ್ ಸ್ಕೂಲ್ ಆದರೆ ದೀಪಾವಳಿ ಸುತ್ತಮುತ್ತ ರಜೆ ಇದೆಯಾ ನೋಡಿ. ಜಪಾನಿ ಶಾಲೆಯಾದರೆ ಶನಿವಾರ ಅಥವಾ ಭಾನುವಾರ ಕಾರ್ಯಕ್ರಮ ನಡೆಸಿ ಬದಲಿಗೆ ಸೋಮವಾರ ರಜೆ ಕೊಡುವುದುಂಟು. ಆ ದಿನ ನಿಮ್ಮ ಯಜಮಾನರು ರಜೆ ಹಾಕಿ ಮಗನ ಜೊತೆ ಬೆಳಿಗ್ಗೆಯೇ ಪೂರ್ತಿ ದಿನದ ಟಿಕೆಟ್‌ನಲ್ಲಿ ಹೋಗಲಿ. ನೀವು, ಅತ್ತೆ, ಮಾವ, ಮಗಳು ಸಂಜೆ ಐದಕ್ಕೆ ಸೇರಿಕೊಳ್ಳಿ. ಅತಿ ಅಗ್ಗದ ದಿನದ ಲೆಕ್ಕ: 7,900, 4,700, ಜೊತೆಗೆ ಮೂರು ಸಂಜೆ ಟಿಕೆಟ್‌ಗೆ 13,500. ಒಟ್ಟು 26,100 ಯೆನ್. ಎಲ್ಲರೂ ಸಂಜೆ ಹೋಗುವುದಕ್ಕಿಂತ 3,600 ಜಾಸ್ತಿ ಅಷ್ಟೇ. ಅದಕ್ಕೆ ಅಪ್ಪ, ಮಗ ಇಬ್ಬರಿಗೂ ಎಂಟು ಗಂಟೆ ಹೆಚ್ಚು ಸಿಗುತ್ತದೆ. ಪೂರ್ತಿ ದಿನ ಎಲ್ಲರೂ ಹೋಗುವುದಕ್ಕಿಂತ 10,200 ಉಳಿಯುತ್ತದೆ. ಪಟ್ಟಿಯ ಮೇಲಿನ ತುದಿಯ ದರ ಹಾಕಿ ನೋಡಿದರೂ ಎಲ್ಲರ ಸಂಜೆಗೆ 31,000, ಬೆರೆಸಿದರೆ 35,100, ಎಲ್ಲರೂ ಪೂರ್ತಿ ದಿನಕ್ಕೆ 49,200. ಹೇಗೆ ನೋಡಿದರೂ ಬೆರೆಸಿದ್ದೇ ಸರಿ ಅನ್ನಿಸುತ್ತದೆ ನನಗೆ.

ಹನ್ನೆರಡು ಗಂಟೆ ಎಂಟು ವರ್ಷದ ಹುಡುಗನಿಗೆ ಜಾಸ್ತಿ ಆಗಲ್ವಾ ಅಂತ ನೀವು ಕೇಳಬಹುದು. ಆಗುತ್ತದೆ. ಆದರೆ ನೀವಿರುವುದು ನಿಶಿ ಕಸಾಯ್. ಪಾರ್ಕ್ ಹೆಸರಿಗೆ ಟೋಕಿಯೋ, ಇರುವುದು ಚಿಬಾದ ಉರಯಾಸುವಿನಲ್ಲಿ, ನಿಮ್ಮ ಮನೆಯಿಂದ ಹೊಳೆ ದಾಟಿದರೆ ಸಿಗುತ್ತದೆ. ಅದೇ ದಿನ ಅದೇ ಪಾರ್ಕಿಗೆ ಹೊರಗೆ ಹೋಗಿ ಮತ್ತೆ ಬರಲು ಬಿಡುತ್ತಾರೆ. ಬೆಳಿಗ್ಗೆ ಬೇಮ್ಯಾಕ್ಸ್, ಬಿಗ್ ಥಂಡರ್ ಮುಗಿಸಿ, ಮಧ್ಯಾಹ್ನ ಮನೆಗೆ ಬಂದು ಅನ್ನ ಸಾರು ಉಂಡು ಒಂದು ನಿದ್ದೆ ಮಾಡಿ, ನಿಮ್ಮ ಜೊತೆಗೇ ಸಂಜೆ ಮತ್ತೆ ಹೋಗಬಹುದು. ಮಧ್ಯಾಹ್ನ ಒಂದರಿಂದ ನಾಲ್ಕು ಹೇಗೂ ಸಾಲು ಅತಿ ಉದ್ದ ಇರುವ ಹೊತ್ತು, ಆ ಹೊತ್ತು ಮನೆಯಲ್ಲಿ ಕಳೆದರೆ ನಷ್ಟವೇನಿಲ್ಲ. ಬೆಂಗಳೂರಿನಿಂದ ಐದು ದಿನಕ್ಕೆ ಬರುವವರಿಗೆ ಈ ಅನುಕೂಲ ಇಲ್ಲ. ಅವರಿಗೆ ನಾನು ಸಾಮಾನ್ಯವಾಗಿ ಸಂಜೆ ಟಿಕೆಟ್ ಬೇಡ ಅನ್ನುತ್ತೇನೆ, ಅಲ್ಲಿಯವರೆಗೆ ಬಂದು ನಾಲ್ಕೇ ಗಂಟೆಯಲ್ಲಿ ಮುಗಿಸಬಾರದು.

ಯಜಮಾನರಿಗೆ ರಜೆ ಸಿಗದಿದ್ದರೆ? ಆಗ ಎಲ್ಲರೂ ಸಂಜೆಯೇ ಹೋಗಿ, ಆದರೆ ಮಗನಿಗೆ ಹೊರಡುವ ಮೊದಲೇ ಹೇಳಿಬಿಡಿ: "ಇವತ್ತು ಅಜ್ಜಿಯ ದಿನ. ನಿನ್ನ ರೈಡ್‌ಗೆ ಇನ್ನೊಂದು ದಿನ ಬರೋಣ." ಮಕ್ಕಳು ಇದನ್ನು ಒಪ್ಪುತ್ತಾರೆ. ಗೇಟ್ ದಾಟಿದ ಮೇಲೆ ಬೇಮ್ಯಾಕ್ಸ್ ಬೋರ್ಡ್‌ನಲ್ಲಿ 90 ನಿಮಿಷ ಅಂತ ನೋಡಿಸಿ ಹೇಳಿದರೆ ಒಪ್ಪಲ್ಲ. ಆ ಇನ್ನೊಂದು ದಿನವನ್ನು ಮರೆಯದೆ ಕೊಡಿ.

ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಮಧ್ಯಾಹ್ನ 3ರಿಂದ ಒಳಬಿಡುವ ಇನ್ನೊಂದು ಟಿಕೆಟ್ ಇದೆ, ದೊಡ್ಡವರಿಗೆ 6,500ರಿಂದ 8,700 ಯೆನ್, ಮಕ್ಕಳಿಗೆ 3,800ರಿಂದ 4,400. ಇದರಲ್ಲಿ ಮಕ್ಕಳ ದರ ಬೇರೆ ಇದೆ, ಆರು ಗಂಟೆ ಸಿಗುತ್ತದೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ವಾರಾಂತ್ಯದ ಮಧ್ಯಾಹ್ನ ಮೂರಕ್ಕೆ ಒಳಗೆ ಹೋಗುವುದು ಅಂದರೆ ಇಡೀ ದಿನ ಬೆಳೆದ ಸಾಲಿನ ಬಾಲ ಹಿಡಿಯುವುದು. ಮಂಡಿನೋವಿನವರನ್ನು ಆ ಜಂಗುಳಿಯಲ್ಲಿ ನಡೆಸುವುದು ನನಗೆ ಇಷ್ಟವಿಲ್ಲ.

ದಿನ ಆರಿಸುವಾಗ ಕ್ಯಾಲೆಂಡರ್ ನೋಡಿ. ನವೆಂಬರ್ 3 ಮತ್ತು 23 ಜಪಾನಿನ ಸರ್ಕಾರಿ ರಜೆ, ಆ ದಿನ ವಾರದ ಸಂಜೆ ಟಿಕೆಟ್ ಇರುವುದಿಲ್ಲ. ಜಾಸ್ತಿ ಜನ ಎಡವುವುದು 13 ಮತ್ತು 14ರಲ್ಲಿ. 13 ಇಬರಾಕಿ ಪ್ರಾಂತ್ಯದ ದಿನ, 14 ಸೈತಾಮಾ ಪ್ರಾಂತ್ಯದ ದಿನ. ಟೋಕಿಯೋದಲ್ಲಿ ಮಾಮೂಲಿ ಕೆಲಸದ ದಿನವೇ, ಆದರೆ ಆ ಪ್ರಾಂತ್ಯಗಳ ಶಾಲೆಗಳಿಗೆ ರಜೆ. ಮಕ್ಕಳೆಲ್ಲ ಡಿಸ್ನಿಲ್ಯಾಂಡಿಗೆ ಬರುತ್ತಾರೆ. ಮಂಗಳವಾರದಿಂದ ಗುರುವಾರದವರೆಗಿನ ಸಾದಾ ದಿನ ಒಳ್ಳೆಯದು.

ಅಪಾಯ ಒಂದಿದೆ, ಅದು ಹವಾಮಾನ. ಪೂರ್ತಿ ದಿನದವರಿಗೆ ಮೆರವಣಿಗೆ ರದ್ದಾದರೂ ಹಗಲಿನದಾದರೂ ಕೈಯಲ್ಲಿರುತ್ತದೆ. ಸಂಜೆಯವರಿಗೆ ಮೆರವಣಿಗೆಯೇ ಬಂಡವಾಳ. ಜೋರು ಮಳೆ ಬಂದರೆ ನಿಲ್ಲಿಸುತ್ತಾರೆ, ಸಣ್ಣ ಮಳೆಯಾದರೆ ಕೆಲವೊಮ್ಮೆ ಬೇರೆ ಚಿಕ್ಕ ಮೆರವಣಿಗೆ ಬಿಡುತ್ತಾರೆ. ಪಟಾಕಿ ಆಕಾಶಕ್ಕೆ ಹಾರುವುದು ಗಾಳಿ ಇದ್ದರೆ ಇಲ್ಲ. ಮೆರವಣಿಗೆ ಆಗಲಿಲ್ಲ ಅಂತ ಟಿಕೆಟ್ ದುಡ್ಡು ವಾಪಸ್ ಬರುವುದಿಲ್ಲ. ಅತ್ತೆ, ಮಾವ ಬಂದ ಮೊದಲ ವಾರದಲ್ಲೇ ಒಂದು ದಿನ ಇಟ್ಟುಕೊಳ್ಳಿ. ಹೋಗುವ ಹಿಂದಿನ ದಿನ ಮುನ್ಸೂಚನೆ ಕೆಟ್ಟದಾಗಿದ್ದರೆ ಆ್ಯಪ್‌ನಲ್ಲೇ ದಿನಾಂಕ ಬದಲಾಯಿಸಿ. ಹೊಸ ದಿನದ ಟಿಕೆಟ್ ಉಳಿದಿರಬೇಕು, ದರ ಜಾಸ್ತಿ ಇದ್ದರೆ ವ್ಯತ್ಯಾಸ ಕಟ್ಟಬೇಕು. ಅವರು ಹೊರಡುವ ಹಿಂದಿನ ವಾರಕ್ಕೆ ಇಟ್ಟರೆ ಬದಲಾಯಿಸಲು ದಿನವೇ ಉಳಿದಿರುವುದಿಲ್ಲ. ಯಾರಾದರೂ ಕಡಿಮೆ ಬೆಲೆಗೆ ಟಿಕೆಟ್ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಮರುಮಾರಾಟದ ಟಿಕೆಟ್ ನಿಯಮಕ್ಕೆ ವಿರುದ್ಧ, ಗೇಟಿನಲ್ಲಿ ನಿಂತುಬಿಟ್ಟರೆ ಅತ್ತೆ, ಮಾವನ ಮುಂದೆ ಕಷ್ಟ.

ಊಟದ ಮಾತು. ನೀವು ಸಸ್ಯಾಹಾರಿಗಳಾದರೆ ಒಳಗಿನ ಊಟ ನಂಬಬೇಡಿ. ಜಪಾನಿ ಅಡುಗೆಯಲ್ಲಿ ಮೀನಿನ ಸಾರು ಕಣ್ಣಿಗೆ ಕಾಣದೆ ಸೇರಿರುತ್ತದೆ, ನಿಮಗೆ ಗೊತ್ತೇ ಇದೆ. ಡಬ್ಬಿ ಒಳಗೆ ತರುವ ಹಾಗಿಲ್ಲ, ಆದರೆ ಗೇಟಿನ ಹೊರಗೆ ಕೂತು ಉಣ್ಣಲು ಪಿಕ್‌ನಿಕ್ ಜಾಗ ಇದೆ. ನಾಲ್ಕು ಗಂಟೆಗೆ ಅಲ್ಲಿ ಚಪಾತಿ ಪಲ್ಯ ಮುಗಿಸಿ ಒಳಗೆ ಹೋದರೆ ಊಟದ ಸಾಲಿನಲ್ಲಿ ಹೋಗುವ ಮುಕ್ಕಾಲು ಗಂಟೆ ಉಳಿಯುತ್ತದೆ. ನಾಲ್ಕು ಗಂಟೆಯ ಟಿಕೆಟ್‌ನಲ್ಲಿ ಅದು ದೊಡ್ಡ ಪಾಲು. ಗೊಂಬೆ, ಟೋಪಿ ಕೊಳ್ಳುವುದಿದ್ದರೆ ಪಾರ್ಕಿನ ಹತ್ತಿರದ ಮೈಹಾಮಾ ಸ್ಟೇಶನ್‌ನಿಂದ ಬರುವ ದಾರಿಯಲ್ಲೇ ಬಾನ್ ವೊಯಾಜ್ ಅನ್ನುವ ದೊಡ್ಡ ಅಂಗಡಿ ಇದೆ. ಅದಕ್ಕೆ ಟಿಕೆಟ್ ಬೇಡ. ಇನ್ನೊಂದು ದಿನ ಆರಾಮಾಗಿ ಹೋಗಿ ಬನ್ನಿ.

ನವೆಂಬರ್‌ನಲ್ಲಿ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ. ನೀವು ಒಳಗೆ ಹೋಗುವಾಗಲೇ ಕತ್ತಲು, ಪಕ್ಕದಲ್ಲೇ ಸಮುದ್ರ, ಗಾಳಿ ಕೊರೆಯುತ್ತದೆ. ದಾವಣಗೆರೆಯ ಚಳಿಗೆ ತಂದ ಸ್ವೆಟರ್ ಸಾಲದು. ಅತ್ತೆ ಸೀರೆ ಉಡುತ್ತಾರೆ ಅಂದರೆ ಒಳಗೆ ಬೆಚ್ಚನೆಯ ಲೆಗ್ಗಿಂಗ್ಸ್, ಕಾಲಿಗೆ ಶೂ ಹಾಕಿಸಿ. ಮೆರವಣಿಗೆಗೆ ಮುಂದಿನ ಸಾಲಿನವರು ನೆಲಕ್ಕೆ ಕೂರಬೇಕು, ಅವರಿಗೆ ಅದು ಆಗಲ್ಲ. ಗೇಟಿನ ಹತ್ತಿರವೇ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. "ನನಗ್ಯಾಕೆ ಅದು, ನಡೀತೀನಿ" ಅನ್ನುತ್ತಾರೆ, ಖಂಡಿತ ಅನ್ನುತ್ತಾರೆ. ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಳ್ಳೋಕೆ ಅಂತ ಹೇಳಿ ಒಪ್ಪಿಸಿ.

ಜಾಗದ ಬಗ್ಗೆ ಒಂದು ಮಾತು. ಮೆರವಣಿಗೆ ಪಾರ್ಕಿನ ಫ್ಯಾಂಟಸಿಲ್ಯಾಂಡ್ ಭಾಗದ ಹಾಂಟೆಡ್ ಮ್ಯಾನ್ಶನ್ ಪಕ್ಕದಿಂದ ಹೊರಟು, ಕೋಟೆಯ ಮುಂದಿನ ಅಂಗಳ ಸುತ್ತಿ, ಟೂನ್‌ಟೌನ್ ಅನ್ನುವ ಭಾಗದ ಕಡೆಗೆ ಹೋಗಿ ಮುಗಿಯುತ್ತದೆ. ಎಲ್ಲರೂ ಕೋಟೆಯ ಮುಂದೆಯೇ ನುಗ್ಗುತ್ತಾರೆ. ನೀವು ಕೊನೆಯ ಭಾಗಕ್ಕೆ, ಟೂನ್‌ಟೌನ್ ಹತ್ತಿರಕ್ಕೆ ಹೋಗಿ. ಅಲ್ಲಿಗೆ ಮೆರವಣಿಗೆ ಬರುವುದು ಶುರುವಾದ ಎಷ್ಟೋ ಹೊತ್ತಿನ ಮೇಲೆ, ಅದಕ್ಕೇ ಜಾಗ ತಡವಾಗಿ ತುಂಬುತ್ತದೆ. ಅಪ್ಪ, ಮಗ ಆ ನಡುವೆ ಇನ್ನೊಂದು ರೈಡ್ ಮುಗಿಸಿ ಬಂದು ಸೇರಿಕೊಳ್ಳಬಹುದು. ಮೊದಲು ದಾರಿಯ ದೀಪಗಳನ್ನು ಮಂದ ಮಾಡುತ್ತಾರೆ. ಆಮೇಲೆ ದೂರದಲ್ಲಿ ಸಂಗೀತ ಕೇಳಿಸುತ್ತದೆ. ಆಗ ಮೊಬೈಲ್ ಎತ್ತಬೇಡಿ, ಅತ್ತೆಯವರ ಪಕ್ಕ ನಿಂತುಕೊಳ್ಳಿ.